ವಾಲ್‌ಪೇಪರ್ ಮತ್ತು ಬೆಂಕಿ: ಸುರಕ್ಷತೆ ಸುರುಳಿಯಲ್ಲೋ ಗೋಡೆಯಲ್ಲೋ?

ಗೋಡೆಗೆ ಅಂಟಿಸಿದ ಕಾಗದದಿಂದಲೇ ಬೆಂಕಿ ಹುಟ್ಟುವುದು ಅಪರೂಪ. ಸ್ವಿಚ್‌ಬೋರ್ಡಿನ ಕಿಡಿ, ಸೋಫಾದ ಮೇಲೆ ಬಿದ್ದ ಸಿಗರೇಟಿನ ತುಂಡು, ದೇವರ ಮನೆಯ ದೀಪ, ಒಲೆಯ ಮೇಲೆ ಮರೆತ ಎಣ್ಣೆ ಬಾಣಲೆ – ಬೆಂಕಿಯ ಮೂಲ ಸಾಮಾನ್ಯವಾಗಿ ಇಂಥದ್ದು. ಗೋಡೆಯ ಪಾತ್ರ ಶುರುವಾಗುವುದು ಆಮೇಲೆ. ಹೊತ್ತಿಕೊಂಡದ್ದು ಇದ್ದಲ್ಲೇ ಉರಿದು ಆರುತ್ತದೋ, ಗೋಡೆ ಹಿಡಿದು ಚಾವಣಿಗೆ ಏರಿ ಇಡೀ ಕೋಣೆಯನ್ನು ನುಂಗುತ್ತದೋ, ಒಳಗಿದ್ದವರಿಗೆ ಹೊರಬರಲು ಎಷ್ಟು ನಿಮಿಷ ಸಿಗುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಗೋಡೆಯ ಮೇಲ್ಮೈಯನ್ನು ಅವಲಂಬಿಸಿದೆ. ಆದ್ದರಿಂದಲೇ ಅಂಗಡಿಯ ಮಾದರಿ ಪುಸ್ತಕಗಳಲ್ಲಿ ವಿನ್ಯಾಸದ ಸಂಖ್ಯೆಯ ಪಕ್ಕ 'ಫೈರ್ ರಿಟಾರ್ಡೆಂಟ್', 'ಕ್ಲಾಸ್ ಎ', 'ಬಿ-ಎಸ್1, ಡಿ0' ಎಂಬ ಗುರುತುಗಳು ಕಾಣಿಸಿಕೊಳ್ಳುತ್ತವೆ. ಈ ಗುರುತುಗಳು ಯಾವ ಬೆಂಕಿಯ ಬಗ್ಗೆ ಹೇಳುತ್ತವೆ, ಯಾವ ಗೋಡೆಯ ಮೇಲೆ ಅಂಟಿಸಿದಾಗ ನಿಜವಾಗುತ್ತವೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದಶಕಗಳಿಂದ ನಡೆದಿರುವ ವಾದ ಅದೇ; ಅದರಲ್ಲಿ ಐದು ಪಂಥಗಳನ್ನು ಗುರುತಿಸಬಹುದು.

ತೆಳು ಪದರದ ಉರಿ

ಗಾರೆ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡ ಒಂದೇ ಪದರದ ಕಾಗದ ಸುಲಭವಾಗಿ ಉರಿಯುವುದಿಲ್ಲ. ಅದಕ್ಕೆ ತಗುಲಿದ ಶಾಖವನ್ನು ಹಿಂದಿನ ಗೋಡೆ ಹೀರಿಕೊಳ್ಳುತ್ತದೆ. ಕಾಗದ ಕಪ್ಪಾಗುತ್ತದೆ, ಸುಲಿಯುತ್ತದೆ, ಹಲವು ಸಲ ಅಷ್ಟಕ್ಕೇ ನಿಲ್ಲುತ್ತದೆ. ಅದೇ ಕಾಗದದ ಅಂಚು ತೇವಕ್ಕೆ ಬಿಟ್ಟುಕೊಂಡು ನೇತಾಡುತ್ತಿದ್ದರೆ ಕತೆ ಬೇರೆ. ಆಗ ಎರಡೂ ಬದಿಗೆ ಗಾಳಿ, ಎರಡೂ ಬದಿಗೆ ಉರಿ. ಕಾಗದದ ಹಿಂದೆ ಗಾರೆಯ ಬದಲು ಪ್ಲೈವುಡ್ಡೋ ಥರ್ಮಕೋಲೋ ಇದ್ದರೂ ಶಾಖಕ್ಕೆ ಹೋಗಲು ಜಾಗವಿಲ್ಲದೆ ಮೇಲ್ಮೈ ಬೇಗ ಹೊತ್ತುತ್ತದೆ.

ಪ್ರಮಾಣವನ್ನೂ ಒಮ್ಮೆ ಲೆಕ್ಕ ಹಾಕಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು ಸೇರಿ ಸುಮಾರು 37 ಚದರ ಮೀಟರ್. ಚದರ ಮೀಟರಿಗೆ 150 ಗ್ರಾಂ ತೂಗುವ ಕಾಗದವಾದರೆ ಒಟ್ಟು ಐದೂವರೆ ಕಿಲೋ. ಒಂದು ಕಿಲೋ ಕಾಗದ ಉರಿದರೆ ಸುಮಾರು 17 ಮೆಗಾಜೂಲ್ ಶಾಖ ಹೊರಬರುತ್ತದೆ. ಅಂದರೆ ಕೋಣೆಯ ಸುತ್ತ ಎರಡೂವರೆ ಲೀಟರ್ ಸೀಮೆಎಣ್ಣೆಯಷ್ಟು ಉರುವಲು ಹರಡಿದೆ. ಒಂದು ಪದರಕ್ಕೆ ಇಷ್ಟು. ಹಳೆಯದನ್ನು ಕೀಳದೆ ಅದರ ಮೇಲೇ ಹೊಸದನ್ನು ಅಂಟಿಸುತ್ತ ಹೋದರೆ ಉರುವಲು ಪದರಕ್ಕೆ ತಕ್ಕಂತೆ ಏರುತ್ತದೆ, ಗೋಡೆ ಶಾಖ ಹೀರುವ ಲಾಭ ಮಾತ್ರ ಇಳಿಯುತ್ತದೆ.

ದುರಂತಗಳು ಬರೆಸಿದ ನಿಯಮಗಳು

ಕಾಗದ ಮತ್ತು ಬಟ್ಟೆಗೆ ಬೆಂಕಿ ತಾಳುವ ಗುಣ ಕೊಡುವ ಯತ್ನ ನಾಟಕಶಾಲೆಗಳಿಂದ ಶುರುವಾಯಿತು. 1735ರಲ್ಲಿ ಇಂಗ್ಲೆಂಡಿನ ಒಬಡಯಾ ವೈಲ್ಡ್ ಪಟಿಕ, ಬಿಳಿಗಾರ ಮುಂತಾದ ಲವಣಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದ. 1821ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್, ಅಮೋನಿಯಂ ಫಾಸ್ಫೇಟ್ ಮತ್ತು ಬಿಳಿಗಾರ ನಾರುಬಟ್ಟೆ, ಸೆಣಬುಗಳ ಉರಿಯನ್ನು ತಡೆಯುತ್ತವೆ ಎಂದು ತೋರಿಸಿದ. ಇವತ್ತಿಗೂ ಕಾಗದಕ್ಕೆ ಬಳಸುವ ಹಲವು ಲೇಪಗಳು ಇದೇ ಮನೆತನಕ್ಕೆ ಸೇರಿದವು.

ನಿಯಮಗಳು ಮಾತ್ರ ಸಾವುಗಳಾದ ಮೇಲೆ ಬಂದವು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೊನಟ್ ಗ್ರೋವ್ ನೈಟ್‌ಕ್ಲಬ್ಬಿನಲ್ಲಿ 492 ಜನ ಸತ್ತರು. ಚಾವಣಿಗೆ ಬಿಗಿದ ಬಟ್ಟೆ, ಕೃತಕ ತಾಳೆಮರ, ಗೋಡೆಯ ನಕಲಿ ಚರ್ಮ ಎಲ್ಲವೂ ಉರಿಯನ್ನು ಹಬ್ಬಿಸಿದವು. 1946ರ ಡಿಸೆಂಬರ್ 7ರಂದು ಅಟ್ಲಾಂಟಾದ ವೈನ್‌ಕಾಫ್ ಹೋಟೆಲಿನಲ್ಲಿ 119 ಜನ ಸತ್ತರು. 'ಬೆಂಕಿ ತಾಗದ ಕಟ್ಟಡ' ಎಂದೇ ಆ ಹೋಟೆಲ್ ಜಾಹೀರಾತು ಮಾಡಿಕೊಳ್ಳುತ್ತಿತ್ತು. ಕಟ್ಟಡದ ಚೌಕಟ್ಟಿನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ, ಚೌಕಟ್ಟು ನಿಂತೇ ಇತ್ತು. ಉರಿದದ್ದು ಒಳಗಿನದು: ಹಜಾರದ ಗೋಡೆಗೆ ಬಡಿದಿದ್ದ, ಬಣ್ಣ ಬಳಿದ ಸೆಣಬಿನ ಬಟ್ಟೆ ಮತ್ತು ಪದರದ ಮೇಲೆ ಪದರವಾಗಿ ಅಂಟಿಸಿದ್ದ ವಾಲ್‌ಪೇಪರ್. ಬಾಗಿಲಿಲ್ಲದ ಒಂದೇ ಮೆಟ್ಟಿಲಸಾಲು ಹೊಗೆಯನ್ನೂ ಉರಿಯನ್ನೂ ಮಹಡಿಯಿಂದ ಮಹಡಿಗೆ ಒಯ್ದಿತು.

1981ರ ಫೆಬ್ರುವರಿಯ ಎಂಟೇ ದಿನಗಳಲ್ಲಿ ಮೂರು ಖಂಡಗಳಲ್ಲಿ ಮೂರು ಬೆಂಕಿಗಳಾದವು. 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಉರಿದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 10ರಂದು ಲಾಸ್ ವೇಗಸ್ಸಿನ ಹಿಲ್ಟನ್ ಹೋಟೆಲಿನಲ್ಲಿ ಲಿಫ್ಟಿನ ಮುಂದಿನ ಹಜಾರಗಳ ಗೋಡೆ, ಚಾವಣಿಗಳಿಗೂ ಹಾಸಿದ್ದ ಕಾರ್ಪೆಟ್ ಹಿಡಿದು ಬೆಂಕಿ ಮಹಡಿಗಳನ್ನು ಏರಿತು; ಸತ್ತವರು 8. 14ರಂದು ಡಬ್ಲಿನ್ನಿನ ಸ್ಟಾರ್‌ಡಸ್ಟ್ ನೃತ್ಯಶಾಲೆಯಲ್ಲಿ 48 ಜನ ಸತ್ತರು. ಅಲ್ಲಿಯೂ ಗೋಡೆಗೆ ಕಾರ್ಪೆಟ್ ಬಿಲ್ಲೆ ಅಂಟಿಸಿತ್ತು. ಡೇರೆಯನ್ನು ಗೋಡೆಯ ಹೊದಿಕೆ ಎನ್ನಲಾಗದು. ಆದರೂ ಜನರನ್ನು ಸುತ್ತುವರಿದ ತೆಳುವಾದ ಪದರವೇ ಉರುವಲಾದರೆ ಓಡಲು ಸಮಯ ಸಿಗುವುದಿಲ್ಲ ಎಂಬುದು ಮೂರರಲ್ಲೂ ಒಂದೇ.

ಕರ್ನಾಟಕದ ಮಟ್ಟಿಗೆ ಈ ವಿಷಯಕ್ಕೆ ತೀರ ಹತ್ತಿರದ ಘಟನೆ ನಡೆದದ್ದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, 1989ರ ಫೆಬ್ರುವರಿ 8ರಂದು. 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಗೋಡೆಗಳಿಗೆ ಹೊದಿಸಿದ್ದು ಬೆಂಕಿ ತಾಳುವ ವಸ್ತುವಲ್ಲ, ಗೋಣಿತಟ್ಟು. ದೊಡ್ಡ ದೀಪಗಳ ಶಾಖ, ಸಡಿಲ ವೈರಿಂಗ್, ಗಾಳಿಕಿಂಡಿಗಳೂ ಇಲ್ಲದ ಒಳಾಂಗಣ. 62 ಜನ ಸತ್ತರು. ಅಟ್ಲಾಂಟಾದ ಹಜಾರದಲ್ಲಿ ಉರಿದದ್ದೂ ಇದೇ ಸೆಣಬು. ನಾಲ್ಕು ದಶಕಗಳಲ್ಲಿ ಆ ಪಾಠ ಅಮೆರಿಕದ ನಿಯಮ ಪುಸ್ತಕವನ್ನು ಸೇರಿತ್ತು, ಮೈಸೂರಿನ ಚಿತ್ರೀಕರಣದ ಅಂಗಳವನ್ನು ಮುಟ್ಟಿರಲಿಲ್ಲ.

ಮೊದಲ ಪಂಥ: ಜ್ವಾಲೆ ಎಷ್ಟು ದೂರ ಓಡಿತು

ಗೋಡೆಯ ಹೊದಿಕೆಯನ್ನು ಅಳೆಯುವ ಅತ್ಯಂತ ಹಳೆಯ ಕ್ರಮ ಜ್ವಾಲೆ ಹರಡುವ ವೇಗವನ್ನು ನೋಡುವುದು. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆಯ ಆಲ್ಬರ್ಟ್ ಸ್ಟೈನರ್ ರೂಪಿಸಿದ ಸುರಂಗ ಪರೀಕ್ಷೆ 1950ರಲ್ಲಿ ಎಎಸ್‌ಟಿಎಂ ಇ-84 ಎಂಬ ಮಾನಕವಾಯಿತು. 24 ಅಡಿ ಉದ್ದದ ಮಾದರಿಯನ್ನು ಸುರಂಗದ ಚಾವಣಿಗೆ ಕಟ್ಟಿ, ಒಂದು ತುದಿಗೆ ಉರಿ ಹಿಡಿದು, ಹತ್ತು ನಿಮಿಷ ಜ್ವಾಲೆಯ ಓಟವನ್ನು ಗುರುತು ಹಾಕಲಾಗುತ್ತದೆ. ಕಲ್ನಾರು ಸಿಮೆಂಟ್ ಹಲಗೆಗೆ 0, ಕೆಂಪು ಓಕ್ ಮರಕ್ಕೆ 100 ಎಂಬ ಅಳತೆಗೋಲಿನಲ್ಲಿ 25ರವರೆಗಿನದು ಕ್ಲಾಸ್ ಎ, 75ರವರೆಗಿನದು ಬಿ, 200ರವರೆಗಿನದು ಸಿ. ಬ್ರಿಟನ್ನಿನ ಬಿಎಸ್ 476 ಮಾನಕದ ಏಳನೆಯ ಭಾಗ ಇದೇ ಕೆಲಸವನ್ನು ಶಾಖ ಸೂಸುವ ಫಲಕದ ಮುಂದೆ ಮಾಡಿ 1ರಿಂದ 4ರವರೆಗೆ ದರ್ಜೆ ಕೊಡುತ್ತದೆ.

ಭಾರತ ಬ್ರಿಟನ್ನಿನ ದಾರಿಯನ್ನು ಹಿಡಿಯಿತು. ಐಎಸ್ 12777 ವರ್ಗೀಕರಣದ ಮಾನಕ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಒಳಮೇಲ್ಮೈಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ: ಒಂದನೆಯದರಲ್ಲಿ ಜ್ವಾಲೆ ತೀರ ನಿಧಾನ, ನಾಲ್ಕನೆಯದರಲ್ಲಿ ಅತಿ ವೇಗ. ಒಂದನೆಯ ದರ್ಜೆಯದನ್ನು ಎಲ್ಲಿ ಬೇಕಾದರೂ ಬಳಸಬಹುದು. ಎರಡನೆಯದು ಮೆಟ್ಟಿಲು, ಹಜಾರಗಳಿಗೆ ಸಲ್ಲದು. ಮೂರನೆಯದು ವಾಸದ ಕೋಣೆ, ಮಲಗುವ ಕೋಣೆಗಳಲ್ಲಿ, ಅದೂ ಗಟ್ಟಿ ಗೋಡೆಯ ಮೇಲಷ್ಟೇ. ನಾಲ್ಕನೆಯದು ಅಡುಗೆಮನೆ, ಹಜಾರ, ಮೆಟ್ಟಿಲುಗಳಿಗೆ ನಿಷಿದ್ಧ. ಅಂಗಡಿಯವರ ಮಾದರಿ ಪುಸ್ತಕದಲ್ಲಿ ಈ ಭಾರತೀಯ ದರ್ಜೆ ನಮೂದಾಗಿರುವುದು ಕಡಿಮೆ. ಅಮೆರಿಕದ್ದೋ ಯುರೋಪಿನದ್ದೋ ಗುರುತೇ ಹೆಚ್ಚು.

ಈ ಪಂಥದ ಬಲ ಸರಳತೆ. ಅಗ್ಗದ ಪರೀಕ್ಷೆ, ಒಂದು ಸಂಖ್ಯೆ, ಸುಲಭ ಹೋಲಿಕೆ. ಮರ, ಹಲಗೆ, ಮಾಮೂಲಿ ಕಾಗದಗಳಿಗೆ ಅದು ಸರಿಯಾಗಿಯೇ ಹೊಂದುತ್ತದೆ. ಪ್ಲಾಸ್ಟಿಕ್ಕಿನ ಮುಂದೆ ಎಡವುತ್ತದೆ. ಶಾಖಕ್ಕೆ ಕರಗುವ ವಸ್ತು ಸುರಂಗದ ಚಾವಣಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಮೇಲೆ ಜ್ವಾಲೆ ಓಡಲು ಏನೂ ಉಳಿಯದು, ಸಂಖ್ಯೆ ಚಿಕ್ಕದಾಗಿ ಬರುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪ್ಲಾಸ್ಟಿಕ್ ಉದ್ಯಮದ ಮೇಲೆ ಕ್ರಮ ಕೈಗೊಂಡದ್ದು ಇಂಥದೇ ಕಾರಣಕ್ಕೆ: ಸಣ್ಣ ಪರೀಕ್ಷೆಗಳನ್ನು ನೆಚ್ಚಿ ಫೋಮುಗಳನ್ನು 'ತಾನಾಗಿ ಆರುವ' ವಸ್ತು ಎಂದು ಮಾರಲಾಗುತ್ತಿತ್ತು. ನಿಜವಾದ ಕೋಣೆಯಲ್ಲಿ ಅವು ಭೀಕರವಾಗಿ ಉರಿಯುತ್ತಿದ್ದವು.

ಎರಡನೆಯ ಪಂಥ: ಇಡೀ ಕೋಣೆಯನ್ನೇ ಸುಟ್ಟು ನೋಡು

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರಯೋಗಾಲಯದಲ್ಲಿ ಬಟ್ಟೆಯ ಗೋಡೆಹೊದಿಕೆಗಳನ್ನು ಪೂರ್ಣ ಗಾತ್ರದ ಕೋಣೆಯಲ್ಲಿ ಅಂಟಿಸಿ ಸುಡಲಾಯಿತು. ಸುರಂಗದಲ್ಲಿ ಪಾಸಾದ ಹೊದಿಕೆಗಳೆಲ್ಲ ಕೋಣೆಯಲ್ಲೂ ಪಾಸಾಗಲಿಲ್ಲ. ಬಟ್ಟೆ ಮತ್ತು ಉಬ್ಬು ವಿನೈಲ್ ಹೊದಿಕೆಗಳಿಗಾಗಿ ಅಮೆರಿಕದ ಅಗ್ನಿರಕ್ಷಣಾ ಸಂಘದ ಎನ್‌ಎಫ್‌ಪಿಎ 265 ಎಂಬ ಕೋಣೆಯ ಮೂಲೆ ಪರೀಕ್ಷೆ ರೂಪುಗೊಂಡದ್ದು ಆ ದಾರಿಯಲ್ಲಿ. ಬಳಿಕ ಇತರ ಹೊದಿಕೆಗಳಿಗೆ ಎನ್‌ಎಫ್‌ಪಿಎ 286 ಬಂತು.

ಈ ಪಂಥದ ಪ್ರಕಾರ ಮುಖ್ಯವಾದದ್ದು ಜ್ವಾಲೆಯ ದೂರವಲ್ಲ, ಶಾಖ ಬಿಡುಗಡೆಯಾಗುವ ವೇಗ. ಅದು ಒಂದು ಮಟ್ಟ ದಾಟಿದರೆ ಚಾವಣಿಯ ಕೆಳಗೆ ಕೂಡಿದ ಬಿಸಿ ಅನಿಲದ ಶಾಖಕ್ಕೆ ಕೋಣೆಯಲ್ಲಿರುವುದೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಅಗ್ನಿಶಾಮಕರು ಫ್ಲ್ಯಾಶ್‌ಓವರ್ ಎನ್ನುವ ಆ ಗಳಿಗೆಯ ನಂತರ ಆ ಕೋಣೆಯಲ್ಲಿ ಯಾರೂ ಬದುಕಲಾರರು. ಐಎಸ್‌ಒ 9705 ಪರೀಕ್ಷೆಯಲ್ಲಿ 3.6 ಮೀಟರ್ ಉದ್ದ, 2.4 ಮೀಟರ್ ಅಗಲ ಮತ್ತು ಅಷ್ಟೇ ಎತ್ತರದ ಕೋಣೆಯ ಮೂಲೆಯಲ್ಲಿ ಹತ್ತು ನಿಮಿಷ 100 ಕಿಲೋವ್ಯಾಟ್, ಮುಂದಿನ ಹತ್ತು ನಿಮಿಷ 300 ಕಿಲೋವ್ಯಾಟ್ ಉರಿ ಹಚ್ಚಿ ಫ್ಲ್ಯಾಶ್‌ಓವರ್ ಯಾವಾಗ ಆಗುತ್ತದೆ ಎಂದು ನೋಡಲಾಗುತ್ತದೆ. ಯುರೋಪಿನ ಎ1ರಿಂದ ಎಫ್‌ವರೆಗಿನ ದರ್ಜೆಗಳು ಈ ಕೋಣೆಯನ್ನೇ ಆಧಾರವಾಗಿಟ್ಟುಕೊಂಡವು. ಬಿ ದರ್ಜೆಯ ವಸ್ತು ಇಪ್ಪತ್ತು ನಿಮಿಷವೂ ತಡೆಯಬೇಕು. ಇ ದರ್ಜೆಯದು ಎರಡು ನಿಮಿಷದೊಳಗೇ ಕೈಬಿಡಬಹುದು. 'ಬಿ-ಎಸ್1, ಡಿ0' ಎಂಬ ಗುರುತಿನಲ್ಲಿ ಎಸ್1 ಅಂದರೆ ಹೊಗೆ ಕಡಿಮೆ, ಡಿ0 ಅಂದರೆ ಉರಿಯುವ ಹನಿ ಬೀಳುವುದಿಲ್ಲ.

ಪ್ರತಿ ವಿನ್ಯಾಸಕ್ಕೂ ಕೋಣೆ ಸುಡುವುದು ದುಬಾರಿ. ಆದ್ದರಿಂದ ಯುರೋಪಿನಲ್ಲಿ ನಿತ್ಯದ ಬಳಕೆಗೆ ಒಂದೂವರೆ ಮೀಟರ್ ಎತ್ತರದ ಮೂಲೆಯ ಮುಂದೆ 30 ಕಿಲೋವ್ಯಾಟ್ ಉರಿಯಿಡುವ ಚಿಕ್ಕ ಪರೀಕ್ಷೆ ಇದೆ. ಮೂಲೆಯಲ್ಲಿಟ್ಟ ಕಸದ ಬುಟ್ಟಿಗೆ ಬೆಂಕಿ ಬಿದ್ದಂಥ ಸಂದರ್ಭ ಅದು. ಈ ಎಲ್ಲ ಪರೀಕ್ಷೆಗಳಲ್ಲೂ ವಾಲ್‌ಪೇಪರನ್ನು ಅಂಟು ಮತ್ತು ಹಿಂದಿನ ಹಲಗೆಯ ಸಮೇತ ಸುಡುತ್ತಾರೆ. ಹಾಗಾಗಿ ಜಿಪ್ಸಂ ಬೋರ್ಡಿನ ಮೇಲೆ ಬಿ ಪಡೆದ ಕಾಗದ ಪ್ಲೈವುಡ್ಡಿನ ಮೇಲೆ ಬಿ ಆಗಿ ಉಳಿಯಬೇಕೆಂದಿಲ್ಲ. ಟಿವಿ ಹಿಂದಿನ ಗೋಡೆಗೆ ಪ್ಲೈವುಡ್ ಬಡಿದು ಮೇಲೆ ವಾಲ್‌ಪೇಪರ್ ಅಂಟಿಸುವ ನಮ್ಮ ಒಳಾಂಗಣಗಳಲ್ಲಿ ಪ್ರಮಾಣಪತ್ರ ಮತ್ತು ಗೋಡೆಯ ನಡುವೆ ಅಂತರ ಹುಟ್ಟುವುದು ಇಲ್ಲೇ. ಪ್ರಮಾಣಪತ್ರ ಸುರುಳಿಯದ್ದಲ್ಲ, ಪರೀಕ್ಷೆಗೆ ಒಡ್ಡಿದ ಆ ಗೋಡೆಯದ್ದು.

ಮೂರನೆಯ ಪಂಥ: ಕೊಲ್ಲುವುದು ಹೊಗೆ

1980ರ ನವೆಂಬರ್ 21ರಂದು ಲಾಸ್ ವೇಗಸ್ಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 85 ಜನ ಸತ್ತರು. ಉರಿ ಇದ್ದದ್ದು ಕೆಳಗಿನ ಕ್ಯಾಸಿನೋದಲ್ಲಿ. ಹೆಚ್ಚಿನವರು ಸತ್ತದ್ದು ಅನೇಕ ಮಹಡಿ ಮೇಲೆ, ಹೊಗೆಯಿಂದ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತಾಗಲೂ ಜನರನ್ನು ಸಿಕ್ಕಿಸಿದ್ದು ಹೊಗೆಯೇ. ಜ್ವಾಲೆಯ ಸಂಖ್ಯೆ ಎಷ್ಟೇ ಚಿಕ್ಕದಿದ್ದರೂ ಕಪ್ಪು ಹೊಗೆ ಕಾರುವ ಗೋಡೆ ಸುರಕ್ಷಿತವಲ್ಲ ಎಂಬುದು ಈ ಪಂಥದ ವಾದ.

ಜಗಳದ ನಡುವೆ ಇರುವುದು ವಿನೈಲ್, ಅಂದರೆ ಪಿವಿಸಿ ಪ್ಲಾಸ್ಟಿಕ್. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್. ಅದು ಬೇಗ ಹೊತ್ತಿಕೊಳ್ಳದಿರಲು ಅದೇ ಕಾರಣ. ಕಾದಾಗ ಕಣ್ಣು, ಗಂಟಲು ಸುಡುವ ಹೈಡ್ರೋಜನ್ ಕ್ಲೋರೈಡ್ ಹೊರಬರಲೂ ಅದೇ ಕಾರಣ. ಯಾವ ಬೆಂಕಿಯಲ್ಲಾದರೂ ಹೆಚ್ಚು ಜನರನ್ನು ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್, ಅದು ಸಾದಾ ಕಾಗದದಿಂದಲೂ ಬರುತ್ತದೆ ಎಂದು ವಿನೈಲ್ ತಯಾರಕರು ಉತ್ತರಿಸುತ್ತಾರೆ. ಮಾತು ನಿಜ, ಆದರೆ ಕಣ್ಣು ಬಿಡಲಾಗದವನಿಗೆ ಬಾಗಿಲು ಸಿಗದು ಎಂಬ ಮಾತೂ ನಿಜ. 1980ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಜಾಣ ವಿನೈಲ್ ಮಾರುಕಟ್ಟೆಗೆ ಬಂತು: ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಉರಿಯುವ ಮೊದಲೇ ಕಣ್ಣಿಗೆ ಕಾಣದ ಆವಿ ಬಿಟ್ಟು ಹೊಗೆ ಪತ್ತೆ ಯಂತ್ರವನ್ನು ಕೂಗಿಸುವುದು ಅದರ ಗುಣ.

ಅಮೆರಿಕದ ಸುರಂಗ ಪರೀಕ್ಷೆ ಹೊಗೆಗೆ 450ರ ಮಿತಿ ಇಡುತ್ತದೆ, ಯುರೋಪ್ ಎಸ್1ರಿಂದ ಎಸ್3 ಎನ್ನುತ್ತದೆ. ಇವೆರಡೂ ಹೊಗೆಯ ದಟ್ಟಣೆಯನ್ನು ನೋಡುತ್ತವೆಯೇ ಹೊರತು ವಿಷವನ್ನಲ್ಲ. ಹಡಗು ಮತ್ತು ರೈಲಿನ ನಿಯಮಗಳು ಮಾತ್ರ ವಿಷಾನಿಲವನ್ನೂ ಅಳೆಯುತ್ತವೆ. ಹಡಗಿನ ಗೋಡೆಯ ಹೊದಿಕೆಗೆ ಚದರ ಮೀಟರಿಗೆ 45 ಮೆಗಾಜೂಲ್ ಎಂಬ ಒಟ್ಟು ಶಾಖದ ಮಿತಿಯೂ ಇದೆ. ನಡುಸಮುದ್ರದಲ್ಲಿ ಓಡಿಹೋಗಲು ಬೀದಿಯಿಲ್ಲ.

ನಾಲ್ಕನೆಯ ಪಂಥ: ರಸಾಯನವೋ ಖನಿಜವೋ

ಬೆಂಕಿ ತಾಳುವ ಗುಣವನ್ನು ಎರಡು ಬಗೆಯಲ್ಲಿ ತರಬಹುದು. ಒಂದು, ಉರಿಯುವ ವಸ್ತುವಿಗೆ ರಾಸಾಯನಿಕ ಸೇರಿಸುವುದು. ಇನ್ನೊಂದು, ಗಾಜಿನ ನಾರಿನಂಥ, ಸ್ವಭಾವತಃ ಉರಿಯದ ವಸ್ತುವನ್ನೇ ಆರಿಸುವುದು. ರಾಸಾಯನಿಕಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕಾದಾಗ ನೀರು ಬಿಟ್ಟು ತಂಪುಮಾಡುತ್ತದೆ; ಫಾಸ್ಫೇಟ್ ಲವಣಗಳು ಕಾಗದವನ್ನು ಜ್ವಾಲೆಯಾಗಲು ಬಿಡದೆ ಇದ್ದಿಲಾಗಿಸುತ್ತವೆ; ಬ್ರೋಮಿನ್, ಕ್ಲೋರಿನ್ ಸಂಯುಕ್ತಗಳು ಆಂಟಿಮನಿ ಆಕ್ಸೈಡ್ ಜೊತೆಗೂಡಿ ಜ್ವಾಲೆಯ ರಾಸಾಯನಿಕ ಸರಪಳಿಯನ್ನು ಮುರಿಯುತ್ತವೆ.

ಮೂರನೆಯ ಗುಂಪೇ ವಿವಾದದ್ದು. ಪರಿಸರದಲ್ಲಿ ಕರಗದೆ ಉಳಿಯುವ ಹಲವು ಬ್ರೋಮಿನ್ ಸಂಯುಕ್ತಗಳನ್ನು ಸ್ಟಾಕ್‌ಹೋಮ್ ಒಪ್ಪಂದ 2009ರಿಂದ ಒಂದೊಂದಾಗಿ ನಿಷೇಧದ ಪಟ್ಟಿಗೆ ಸೇರಿಸಿದೆ. ವಾಲ್‌ಪೇಪರಿಗೆ ವಿಷದ ಆರೋಪ ಹೊಸದಲ್ಲ. 19ನೆಯ ಶತಮಾನದ ಯುರೋಪಿನ ಹಸಿರು ಕಾಗದಗಳಲ್ಲಿ ಇದ್ದದ್ದು ಆರ್ಸೆನಿಕ್. ಎಂದೋ ಬರಬಹುದಾದ ಬೆಂಕಿಗಾಗಿ ದಿನವೂ ಉಸಿರಾಡುವ ಗಾಳಿಗೆ ರಾಸಾಯನಿಕ ಬೆರೆಸಬೇಕೇ ಎಂದು ಈ ಪಂಥ ಕೇಳುತ್ತದೆ. ಮನೆಯ ಮಟ್ಟಿಗೆ ಪ್ರಶ್ನೆಗೆ ತೂಕವಿದೆ, ಸಾವಿರ ಜನ ಸೇರುವ ಸಭಾಂಗಣದಲ್ಲಿ ಅದರ ತೂಕ ಇಳಿಯುತ್ತದೆ. ಲವಣಗಳದ್ದು ಬೇರೆ ತೊಡಕು: ಅವುಗಳಲ್ಲಿ ಹಲವು ನೀರಿನಲ್ಲಿ ಕರಗುತ್ತವೆ. ಮಳೆಗಾಲದಲ್ಲಿ ಬೆವರುವ ಕರಾವಳಿ, ಮಲೆನಾಡಿನ ಗೋಡೆಯ ಮೇಲೆ, ಒದ್ದೆಬಟ್ಟೆಯಲ್ಲಿ ಒರೆಸಿದಷ್ಟೂ ಲೇಪ ಸೊರಗುತ್ತದೆ.

ಐದನೆಯ ಪಂಥ: ಗೋಡೆಯನ್ನು ಬಿಡಿ, ಬಾಗಿಲನ್ನು ನೋಡಿ

2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ, ಸದ್ದು ತಡೆಯಲು ಗೋಡೆಗೆ ಅಂಟಿಸಿದ್ದ ಪಾಲಿಯುರಿಥೇನ್ ಫೋಮಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಾಗಿ 100 ಜನ ಸತ್ತರು. ತನಿಖೆ ಮಾಡಿದ, ಅಮೆರಿಕದ ಮಾನಕಗಳನ್ನು ನೋಡಿಕೊಳ್ಳುವ ಎನ್‌ಐಎಸ್‌ಟಿ ಸಂಸ್ಥೆ ಅದೇ ಬಗೆಯ ವೇದಿಕೆ ಕಟ್ಟಿ ಸುಟ್ಟು ನೋಡಿತು. ನೀರು ಚಿಮ್ಮುವ ಸ್ಪ್ರಿಂಕ್ಲರ್ ಇಲ್ಲದಾಗ ಸುಮಾರು ಒಂದೂವರೆ ನಿಮಿಷದಲ್ಲಿ ಬದುಕಲಾಗದ ಸ್ಥಿತಿ ಬಂತು. ಸ್ಪ್ರಿಂಕ್ಲರ್ ಇದ್ದಾಗ ಬೆಂಕಿ ಹತೋಟಿಯಲ್ಲಿ ಉಳಿಯಿತು. ಗೋಡೆಯ ಹೊದಿಕೆಗಿಂತ, ಬೆಂಕಿಯನ್ನು ತಡೆದು ಬಾಗಿಲು ತಲುಪಲು ಸಮಯ ಕೊಡುವ ವ್ಯವಸ್ಥೆ ಮುಖ್ಯ ಎಂಬುದು ಈ ಪಂಥದ ನಿಲುವು. ಸ್ಪ್ರಿಂಕ್ಲರ್ ಇರುವ ಕಟ್ಟಡಗಳಲ್ಲಿ ಗೋಡೆಯ ಹೊದಿಕೆಗೆ ಒಂದು ದರ್ಜೆ ರಿಯಾಯಿತಿ ಕೊಡುವ ಅಮೆರಿಕದ ನಿಯಮಗಳ ಹಿಂದಿರುವುದು ಇಂಥದೇ ಲೆಕ್ಕ. ಅಲ್ಲಿನ ಕಟ್ಟಡ ಸಂಹಿತೆ 0.9 ಮಿಲಿಮೀಟರಿಗಿಂತ ತೆಳುವಾದ, ಗೋಡೆಗೆ ನೇರವಾಗಿ ಅಂಟಿದ ಹೊದಿಕೆಗೆ ದರ್ಜೆಯ ಕಟ್ಟುಪಾಡಿನಿಂದ ವಿನಾಯಿತಿಯನ್ನೂ ಕೊಟ್ಟಿದೆ. ಈ ಪಂಥಕ್ಕೆ ಭಾರತದಲ್ಲಿ ಎದುರಾಗುವ ಆಕ್ಷೇಪ ಸರಳ: ಹೆಚ್ಚಿನ ಮನೆಗಳಲ್ಲಿ ಸ್ಪ್ರಿಂಕ್ಲರ್ ಇಲ್ಲ, ಇರುವ ಕಟ್ಟಡಗಳಲ್ಲೂ ಅದರ ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡುವವರು ಕಡಿಮೆ.

ಪಂಥಗಳು ಕೂಡುವ ಜಾಗ

ಇಷ್ಟೆಲ್ಲ ಭಿನ್ನಮತದ ನಡುವೆಯೂ ಕೆಲವು ವಿಷಯಗಳಲ್ಲಿ ಯಾರಿಗೂ ತಕರಾರಿಲ್ಲ. ಮೆಟ್ಟಿಲು, ಹಜಾರ, ಲಿಫ್ಟಿನ ಮುಂಭಾಗಗಳಲ್ಲಿ ಅತ್ಯುತ್ತಮ ದರ್ಜೆಯದೇ ಬೇಕು. ಅದು ಸಿಗದಿದ್ದರೆ ಬರೀ ಸುಣ್ಣ, ಬಣ್ಣ ಸಾಕು. ಚಾವಣಿಗೆ ಅಂಟಿಸುವುದು ಗೋಡೆಗೆ ಅಂಟಿಸುವುದಕ್ಕಿಂತ ಅಪಾಯ. ಹಳೆಯ ಪದರವನ್ನು ಕಿತ್ತೇ ಹೊಸದನ್ನು ಅಂಟಿಸಬೇಕು. ಒಲೆಯ ಹಿಂದೆ ಟೈಲ್ಸ್ ಇರಲಿ. ದೇವರ ಮನೆಯಲ್ಲಿ ದೀಪ, ಊದುಬತ್ತಿ, ಕರ್ಪೂರದಾರತಿ ಗೋಡೆಗೆ ಒಂದೆರಡು ಗೇಣು ದೂರದಲ್ಲೇ ನಡೆಯುತ್ತವೆ. ಅಲ್ಲಿ ಕಲ್ಲೋ ಟೈಲ್ಸೋ ಸೂಕ್ತ. ಹೋಟೆಲು, ಆಸ್ಪತ್ರೆ, ಕಚೇರಿಗೆ ಕೊಳ್ಳುವವರು ಪರೀಕ್ಷಾ ವರದಿ ಕೇಳಿ, ಅದರಲ್ಲಿ ಹಿಂದಿನ ಹಲಗೆ ಯಾವುದು, ಅಂಟು ಯಾವುದು ಎಂದು ಓದಿ, ತಮ್ಮ ಗೋಡೆಗೆ ಹೋಲಿಸಬೇಕು. ಮನೆಗೆ, ಗಾರೆ ಗೋಡೆಯ ಮೇಲೆ, ಒಂದೇ ಪದರದ ತೆಳು ಕಾಗದ ಅಥವಾ ನಾನ್-ವೋವನ್ (ನೇಯದ ನಾರಿನ) ಹೊದಿಕೆ ದುಬಾರಿ ಲೇಪವಿಲ್ಲದೆಯೂ ಸಹನೀಯ.

ಸಹನೀಯವಲ್ಲದ್ದು ಈಗ ಎಲ್ಲಕ್ಕಿಂತ ಅಗ್ಗವಾಗಿ ಸಿಗುತ್ತಿದೆ. ಇಟ್ಟಿಗೆಯ ಆಕಾರದಲ್ಲಿ ಉಬ್ಬಿದ, ಹಿಂದಿನ ಹಾಳೆ ಸುಲಿದು ಅಂಟಿಸುವ ಫೋಮ್ ಶೀಟುಗಳು ಬಾಡಿಗೆ ಮನೆ, ಪಿಜಿ ಕೋಣೆಗಳ ತೇವದ ಕಲೆ ಮುಚ್ಚಲು ಬಳಕೆಯಾಗುತ್ತಿವೆ. ಅವು ಸಾಮಾನ್ಯವಾಗಿ ಪಾಲಿಎಥಿಲೀನ್. ಕಿಲೋಗೆ 40 ಮೆಗಾಜೂಲಿಗೂ ಹೆಚ್ಚು ಶಾಖ ಕೊಡುತ್ತವೆ, ಅಂದರೆ ಕಾಗದದ ಎರಡು ಪಟ್ಟಿಗೂ ಮಿಗಿಲು. ಗಾಳಿಯೂ ಜೊತೆಗೇ ತುಂಬಿದೆ. ಕರಗಿ ಉರಿಯುವ ಹನಿಗಳಾಗಿ ಕೆಳಗಿನ ಹಾಸಿಗೆಯ ಮೇಲೆ ಬೀಳುತ್ತವೆ. ಕೆಫೆಗಳ ಗೋಡೆಯ ಪ್ಲಾಸ್ಟಿಕ್ ಹುಲ್ಲನ್ನೂ ಇದೇ ಸಾಲಿಗೆ ಸೇರಿಸಬಹುದು.

ಇನ್ನೂ ಇತ್ಯರ್ಥವಾಗದ್ದು

ಒಂದು ದೇಶದ ದರ್ಜೆಯನ್ನು ಇನ್ನೊಂದರದಕ್ಕೆ ಹೊಂದಿಸುವ ನಂಬಲರ್ಹ ಕೋಷ್ಟಕವಿಲ್ಲ. ಕ್ಲಾಸ್ ಎ ಎಂದರೆ ಯುರೋಪಿನ ಎ ಅಲ್ಲ, ಭಾರತದ ಒಂದನೆಯ ದರ್ಜೆಯೂ ಅಲ್ಲ. ಭಾರತದ ವರ್ಗೀಕರಣ ಆಧರಿಸಿದ ಬ್ರಿಟಿಷ್ ದರ್ಜೆಗಳನ್ನು ಇಂಗ್ಲೆಂಡೇ 2025ರ ಮಾರ್ಚ್‌ನಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. ಇಲ್ಲಿ ಕೋಣೆ ಪರೀಕ್ಷೆಯತ್ತ ಹೊರಳಬೇಕೇ, ಹೊರಳಿದರೆ ಅದರ ಖರ್ಚನ್ನು ಸಣ್ಣ ತಯಾರಕರು ತಾಳುತ್ತಾರೆಯೇ ಎಂಬುದು ತೀರ್ಮಾನವಾಗಿಲ್ಲ. ಹೊಗೆಯ ವಿಷವನ್ನು ಕಟ್ಟಡಗಳಲ್ಲೂ ದರ್ಜೆಗೆ ಸೇರಿಸಬೇಕೇ ಎಂಬ ವಾದ ಯುರೋಪಿನಲ್ಲಿ ಮುಗಿದಿಲ್ಲ. ಒಂದೇ ವಸ್ತು ಗಾಳಿ ಧಾರಾಳವಾಗಿರುವಾಗ ಒಂದು ಅನಿಲ, ಕಡಿಮೆಯಿರುವಾಗ ಇನ್ನೊಂದು ಅನಿಲ ಬಿಡುವುದರಿಂದ ಒಂದು ಸಂಖ್ಯೆಗೆ ಇಳಿಸುವುದು ಕಷ್ಟ.

ಹೊಸ ಸುರುಳಿಯ ಮೇಲೆ ನಡೆದ ಪರೀಕ್ಷೆ ಹತ್ತು ಮಳೆಗಾಲ ಕಂಡ, ಮೇಲೆ ಬಣ್ಣ ಬಳಿದ, ಅಂಚು ಬಿಟ್ಟ ಹೊದಿಕೆಯ ಬಗ್ಗೆ ಎಷ್ಟು ಹೇಳುತ್ತದೆ ಎಂಬುದಕ್ಕೂ ಒಪ್ಪಿತ ಉತ್ತರವಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ರಾಜ್ಯಗಳು ತಮ್ಮ ಉಪವಿಧಿಗಳಿಗೆ ಸೇರಿಸಿಕೊಂಡಷ್ಟು ಮಟ್ಟಿಗೆ ಮಾತ್ರ ಕಡ್ಡಾಯ. ಕಟ್ಟಡಕ್ಕೆ ಅನುಮತಿ ಸಿಕ್ಕ ಬಳಿಕ ಬಾಡಿಗೆದಾರ ತಾನೇ ಅಂಟಿಸಿಕೊಳ್ಳುವ ಹಾಳೆಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಮನೆಯೊಳಗೆ ಹೋಗಿ ನೋಡುವುದು ಆಗದ ಮಾತಾದ್ದರಿಂದ ಮಾರಾಟದ ಹಂತದಲ್ಲೇ ದರ್ಜೆ ಕಡ್ಡಾಯ ಮಾಡಬೇಕು ಎನ್ನುವವರಿದ್ದಾರೆ. ಚಾಪೆ, ಪರದೆ, ಸೋಫಾಗಳಿಗಿಲ್ಲದ ಕಟ್ಟುಪಾಡು ಗೋಡೆಯ ಹಾಳೆಗೆ ಮಾತ್ರ ಏಕೆ ಎನ್ನುವವರೂ ಇದ್ದಾರೆ.